ಕಪ್ಪು ಕನ್ನಡಕ: ಬಣ್ಣ ನೋಡಿ ಕೊಳ್ಳುವ ಸರಕಲ್ಲ

ವ್ಯಾಪಾರಸ್ಥರಾದವರು ತೂಕ, ತೇವಾಂಶ, ದರ್ಜೆ, ದರ ಇವಿಷ್ಟನ್ನೂ ಪರೀಕ್ಷಿಸದೆ ಯಾವ ಸರಕಿಗೂ ಹಣ ಎಣಿಸುವುದಿಲ್ಲ. ಒಂದು ಚೀಲ ಮೆಣಸಿನಕಾಯಿಗೂ ಕೈಹಾಕಿ ಮಾದರಿ ತೆಗೆದು ನೋಡುವ ಪದ್ಧತಿ ನಮ್ಮ ಮಂಡಿಗಳಲ್ಲಿದೆ. ಆದರೆ ಅದೇ ವ್ಯಾಪಾರಸ್ಥರು ತಮ್ಮ ಸ್ವಂತ ಕಣ್ಣಿಗೆ ತಂಪು ಕನ್ನಡಕ ಕೊಳ್ಳುವಾಗ ಮಾತ್ರ ಅಂಗಡಿಯ ಕನ್ನಡಿಯೊಂದನ್ನೇ ಪರೀಕ್ಷಕನನ್ನಾಗಿ ಮಾಡಿಕೊಳ್ಳುತ್ತಾರೆ. ಮುಖಕ್ಕೆ ಒಪ್ಪಿದರೆ ಸಾಕು, ಗಾಜು ಕಪ್ಪಗಿದ್ದರೆ ಇನ್ನೂ ಲೇಸು ಎಂಬುದೇ ಸಾಮಾನ್ಯವಾದ ತೀರ್ಮಾನ. ಈ ತೀರ್ಮಾನದಿಂದ ಹಣ ವ್ಯರ್ಥವಾಗುವುದು ಸಣ್ಣ ಮಾತು. ಕಣ್ಣಿಗೇ ಹಾನಿಯಾಗುವ ಸಂಭವವುಂಟು.

ಲೆಕ್ಕಪತ್ರ ಪರಿಶೋಧಿಸುವವನಿಗೆ ಕನ್ನಡಕದ ವಿಚಾರವೇಕೆ ಎಂದು ಓದುಗರು ಕೇಳಬಹುದು. ಬೇಸಿಗೆ ಬಂತೆಂದರೆ ನಮ್ಮ ಮೇಜಿನ ಮೇಲೆ ಹಾಯುವ ವೋಚರುಗಳಲ್ಲಿ ಈ ಬಾಬತ್ತು ಕಾಣಿಸಿಕೊಳ್ಳುತ್ತದೆ. ಮಾಲೀಕರು ತಮಗಾಗಿ ಕೊಂಡದ್ದು, ವಾಹನ ಚಾಲಕರಿಗೆ ಕೊಡಿಸಿದ್ದು, ಗಿರಾಕಿಗಳಿಗೆ ಉಡುಗೊರೆಯಾಗಿ ಹಂಚಿದ್ದು, ಮಾರಾಟಕ್ಕೆಂದೇ ತರಿಸಿದ್ದು, ಹೀಗೆ ಹಲವು ರೂಪಗಳಲ್ಲಿ. ಸರಕು ಒಂದೇ ಆದರೂ ಪ್ರತಿಯೊಂದರ ಹೊಣೆಗಾರಿಕೆ ಬೇರೆ. ಆದುದರಿಂದ ಮೊದಲು ಸರಕಿನ ಗುಣವನ್ನೂ ಅನಂತರ ಅದರ ಲೆಕ್ಕವನ್ನೂ ನೋಡುವುದು ಉಚಿತ.

ಎರಡು ಕೆಲಸ, ಎರಡು ಪರೀಕ್ಷೆ

ತಂಪು ಕನ್ನಡಕದಿಂದ ನಾವು ಎರಡು ಕೆಲಸಗಳನ್ನು ನಿರೀಕ್ಷಿಸುತ್ತೇವೆ. ಮೊದಲನೆಯದು, ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನು, ಅಂದರೆ ಅಲ್ಟ್ರಾವಯೊಲೆಟ್ ಕಿರಣಗಳನ್ನು ತಡೆಯುವುದು. ಎರಡನೆಯದು, ಕಣ್ಣಿಗೆ ಕಾಣುವ ಬೆಳಕಿನ ಪ್ರಖರತೆಯನ್ನು ತಗ್ಗಿಸಿ ನೋಟವನ್ನು ಹಿತಗೊಳಿಸುವುದು. ಈ ಎರಡಕ್ಕೂ ಪರಸ್ಪರ ಸಂಬಂಧವಿಲ್ಲವೆಂಬುದೇ ಈ ಲೇಖನದ ಮುಖ್ಯಾಂಶ. ಬಣ್ಣವಿಲ್ಲದ ಪಾಲಿಕಾರ್ಬೊನೇಟ್ ಲೆನ್ಸ್ ನೇರಳಾತೀತ ಕಿರಣಗಳನ್ನು ಬಹುತೇಕ ಪೂರ್ತಿಯಾಗಿ ತಡೆಯಬಲ್ಲುದು. ಗಾಢವಾದ ಕಪ್ಪು ಬಣ್ಣದ ಕಳಪೆ ಪ್ಲಾಸ್ಟಿಕ್ಕು ಅವನ್ನು ಧಾರಾಳವಾಗಿ ಒಳಬಿಡಬಹುದು.

ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳ ಪೈಕಿ ಭೂಮಿಗೆ ತಲುಪುವವು ಎರಡು ಬಗೆಯವು. ಸುಮಾರು 280ರಿಂದ 315 ನ್ಯಾನೊಮೀಟರ್ ಅಲೆಯುದ್ದದವು ಬಿ ವರ್ಗದವು. 315ರಿಂದ 400ರವರೆಗಿನವು ಎ ವರ್ಗದವು. ಸಿ ವರ್ಗದ ಕಿರಣಗಳನ್ನು ವಾತಾವರಣದ ಓಝೋನ್ ಪದರವೇ ಹೀರಿಕೊಳ್ಳುತ್ತದೆ. ಕನ್ನಡಕದ ಮೇಲೆ ‘ಯುವಿ 400’ ಎಂದು ಬರೆದಿದ್ದರೆ, 400 ನ್ಯಾನೊಮೀಟರ್‌ವರೆಗಿನ ಕಿರಣಗಳನ್ನು ತಡೆಯುತ್ತದೆಯೆಂದು ತಯಾರಕನು ವಾಗ್ದಾನ ಮಾಡಿದ್ದಾನೆಂದು ಅರ್ಥ.

ಈ ಕಿರಣಗಳಿಗೆ ವರ್ಷಾನುವರ್ಷ ಒಡ್ಡಿಕೊಂಡ ಕಣ್ಣಿನಲ್ಲಿ ಪೊರೆ ಬೆಳೆಯುವ ಸಂಭವ ಹೆಚ್ಚು. ಬಿಳಿಗುಡ್ಡೆಯ ಮೇಲಿನ ತೆಳುಪದರವು ಮಾಂಸದಂತೆ ಬೆಳೆದು ಕಾರ್ನಿಯಾದ ಮೇಲೆ ಹರಡುವ ಟೆರಿಜಿಯಮ್ ಎಂಬ ತೊಂದರೆಯು ಬಿಸಿಲು, ಗಾಳಿ, ಧೂಳುಗಳಲ್ಲಿ ದುಡಿಯುವವರಲ್ಲಿ ವಿಶೇಷವಾಗಿ ಕಂಡುಬರುತ್ತದೆ. ಇವು ಒಂದು ದಿನದಲ್ಲಿ ಆಗುವ ಹಾನಿಗಳಲ್ಲ. ಸವಕಳಿಯಂತೆ ಪ್ರತಿವರ್ಷವೂ ಸ್ವಲ್ಪ ಸ್ವಲ್ಪವೇ ಸೇರುತ್ತಾ ಹೋಗಿ, ವಯಸ್ಸಾದ ಮೇಲೆ ಒಟ್ಟು ಮೊತ್ತ ಕಣ್ಣಿಗೆ ಬೀಳುತ್ತದೆ. ಆದುದರಿಂದಲೇ ನಡುವಯಸ್ಸಿನವರಿಗಿಂತ ಮಕ್ಕಳಿಗೂ ಯುವಕರಿಗೂ ರಕ್ಷಣೆ ಹೆಚ್ಚು ಅವಶ್ಯಕ. ಮಕ್ಕಳ ಕಣ್ಣಿನ ಮಸೂರವು ಹಿರಿಯರ ಮಸೂರಕ್ಕಿಂತ ತಿಳಿಯಾಗಿದ್ದು, ಹೆಚ್ಚಿನ ಕಿರಣಗಳನ್ನು ಒಳಬಿಡುತ್ತದೆ. ಜಾತ್ರೆಯಲ್ಲಿ ಕೊಡಿಸುವ ಆಟಿಕೆ ಕನ್ನಡಕ ಆಟಕ್ಕಷ್ಟೇ ಯೋಗ್ಯ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿಯೇ ನಿವಾರಿಸಿಕೊಳ್ಳಬೇಕು. ನೇರಳಾತೀತ ಕಿರಣಕ್ಕೂ ಬಿಸಿಲಿನ ಕಾವಿಗೂ ಸಂಬಂಧವಿಲ್ಲ. ಚರ್ಮಕ್ಕೆ ಬಿಸಿ ತಾಗದ ಜನವರಿ ತಿಂಗಳ ಮಧ್ಯಾಹ್ನದಲ್ಲಿಯೂ ನಮ್ಮ ನಾಡಿನಲ್ಲಿ ಈ ಕಿರಣಗಳ ಪ್ರಮಾಣ ಸಾಕಷ್ಟಿರುತ್ತದೆ. ತೆಳುವಾದ ಮೋಡ ಅವನ್ನು ಹೆಚ್ಚಾಗಿ ತಡೆಯುವುದಿಲ್ಲ. ಸಮುದ್ರಮಟ್ಟದಿಂದ ಪ್ರತಿ 1000 ಮೀಟರ್ ಎತ್ತರಕ್ಕೆ ಸುಮಾರು ಶೇ. 10ರಷ್ಟು ಅವು ಹೆಚ್ಚುತ್ತವೆಯಾದ್ದರಿಂದ, ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ತಂಪು ಹವೆಯನ್ನು ನಂಬಿ ಕಣ್ಣನ್ನು ಮರೆಯುವಂತಿಲ್ಲ.

ಕಪ್ಪು ಹೆಚ್ಚಿದಷ್ಟೂ ರಕ್ಷಣೆ ಹೆಚ್ಚೇ?

ಬೆಳಕು ಕಡಿಮೆಯಾದಾಗ ಕಣ್ಣಿನ ಪಾಪೆ ಅಗಲವಾಗುವುದು ಸಹಜ ಧರ್ಮ. ನೇರಳಾತೀತ ಕಿರಣವನ್ನು ತಡೆಯದ ಕಪ್ಪು ಕನ್ನಡಕ ಧರಿಸಿದಾಗ, ಕತ್ತಲಾಯಿತೆಂದು ತಿಳಿದು ಪಾಪೆ ಅಗಲವಾಗುತ್ತದೆ. ಕಣ್ಣು ಕಿರಿದಾಗಿಸುವ ಸಹಜ ಪ್ರತಿಕ್ರಿಯೆಯೂ ನಿಲ್ಲುತ್ತದೆ. ತೆರೆದ ಬಾಗಿಲಿನಿಂದ ಕಾಣದ ಕಿರಣಗಳು ಹೆಚ್ಚಾಗಿಯೇ ಒಳನುಗ್ಗುತ್ತವೆ. ಕನ್ನಡಕವೇ ಇಲ್ಲದೆ ಕಣ್ಣು ಕಿರಿದು ಮಾಡಿ ನಡೆಯುವವನಿಗಿಂತಲೂ ಇಂತಹ ಕನ್ನಡಕ ಧರಿಸಿದವನ ಸ್ಥಿತಿ ಹೀನವಾಗಬಹುದು. ಗಿರಾಕಿಗೆ ಭದ್ರತೆಯ ಭ್ರಮೆ ಹುಟ್ಟಿಸಿ ಭದ್ರತೆ ಕೊಡದ ಸರಕು ಇದು.

ಲೆನ್ಸಿನ ಕಪ್ಪಿನ ಪ್ರಮಾಣಕ್ಕೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಐಎಸ್‌ಒ 12312-1 ಎಂಬ ಮಾನಕದಲ್ಲಿ 0ಯಿಂದ 4ರವರೆಗೆ ಐದು ವರ್ಗಗಳಿವೆ. 0 ವರ್ಗದ ಲೆನ್ಸು ಕಾಣುವ ಬೆಳಕಿನಲ್ಲಿ ಶೇ. 80ಕ್ಕಿಂತ ಹೆಚ್ಚನ್ನು ಒಳಬಿಡುತ್ತದೆ. 1ನೆಯ ವರ್ಗದ್ದು ಶೇ. 43ರಿಂದ 80, 2ನೆಯದು ಶೇ. 18ರಿಂದ 43, 3ನೆಯದು ಶೇ. 8ರಿಂದ 18, 4ನೆಯದು ಶೇ. 3ರಿಂದ 8. ನಮ್ಮ ಬೇಸಿಗೆಯ ಬಿಸಿಲಿಗೆ 3ನೆಯ ವರ್ಗ, ಬೆಳಗ್ಗೆ ಸಂಜೆಯ ಓಡಾಟಕ್ಕೆ 2ನೆಯ ವರ್ಗ ಸಾಮಾನ್ಯವಾಗಿ ಸಾಕು. 4ನೆಯ ವರ್ಗದ್ದು ಹಿಮಾಚ್ಛಾದಿತ ಪರ್ವತಗಳಂತಹ ಸ್ಥಳಗಳಿಗಾಗಿ ತಯಾರಾದದ್ದು. ಅದನ್ನು ಧರಿಸಿ ವಾಹನ ನಡೆಸಕೂಡದು. ಉತ್ತಮ ತಯಾರಕರ ಕನ್ನಡಕಗಳಲ್ಲಿ ಈ ಅಂಕಿಯನ್ನು ಕಡ್ಡಿಯ ಒಳಮೈಯಲ್ಲಿ ಅಥವಾ ಜೊತೆಗಿರುವ ಚೀಟಿಯಲ್ಲಿ ಮುದ್ರಿಸಿರುತ್ತಾರೆ. ಕೇಳಿ ನೋಡುವ ಅಭ್ಯಾಸ ಬೆಳೆಯಬೇಕು.

ಎಷ್ಟೇ ಕಪ್ಪಾದರೂ ತಂಪು ಕನ್ನಡಕದಿಂದ ಸೂರ್ಯಗ್ರಹಣ ನೋಡಕೂಡದೆಂಬುದನ್ನೂ ನೆನಪಿಡಬೇಕು. 2019ರ ಡಿಸೆಂಬರ್ 26ರಂದು ಮಂಗಳೂರು, ಕೊಡಗು ಭಾಗಗಳಲ್ಲಿ ಕಂಕಣ ಗ್ರಹಣ ಕಂಡಾಗ ಬಳಸಬೇಕಾಗಿದ್ದುದು ಗ್ರಹಣಕ್ಕೆಂದೇ ಮಾಡಿದ ವಿಶೇಷ ಶೋಧಕಗಳನ್ನು. ಹಾಗೆಯೇ ವೆಲ್ಡಿಂಗ್ ಕೆಲಸಕ್ಕೆ ಅದರದೇ ಆದ ಮುಖಕವಚ ಬೇಕು.

ಲೆನ್ಸಿನ ಬಣ್ಣ

ಬೂದು ಬಣ್ಣದ ಲೆನ್ಸು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮಾನವಾಗಿ ತಗ್ಗಿಸುವುದರಿಂದ ವಸ್ತುಗಳ ನಿಜವಾದ ಬಣ್ಣ ಕೆಡುವುದಿಲ್ಲ. ಕಂದು ಬಣ್ಣದ್ದು ನೋಟದ ಸ್ಪಷ್ಟತೆಯನ್ನು ಹೆಚ್ಚಿಸಿ ರಸ್ತೆಯ ಹಳ್ಳದಿಣ್ಣೆಗಳನ್ನು ಎದ್ದು ಕಾಣಿಸುತ್ತದೆ. ಆದರೆ ಎಲ್ಲವಕ್ಕೂ ಸ್ವಲ್ಪ ಕೆಂಪುಛಾಯೆ ಕೊಡುತ್ತದೆ. ಹಸಿರು ಇವೆರಡರ ನಡುವಿನದು. ಗಾಢ ನೀಲಿ, ಕೆಂಪು, ನೇರಳೆ ಲೆನ್ಸುಗಳು ಸಂಚಾರ ದೀಪಗಳ ಬಣ್ಣವನ್ನು ಗುರುತಿಸಲು ಅಡ್ಡಿಯಾಗಬಹುದಾದ್ದರಿಂದ ಚಾಲಕರಿಗೆ ಸಲ್ಲದವು. ರಾತ್ರಿ ಚಾಲನೆಗೆಂದು ಮಾರುವ ಹಳದಿ ಲೆನ್ಸುಗಳ ವಿಷಯದಲ್ಲಿಯೂ ಎಚ್ಚರ ಅಗತ್ಯ. ಎದುರು ವಾಹನದ ದೀಪ ಮಂಕಾಗಿ ಕಂಡಂತೆ, ರಸ್ತೆ ದಾಟುವ ಮನುಷ್ಯನೂ ಮಂಕಾಗಿಯೇ ಕಾಣುತ್ತಾನೆ.

ಬಣ್ಣ ನೋಡಿ ಬೆಲೆ ಕಟ್ಟುವ ವೃತ್ತಿಯವರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ಬ್ಯಾಡಗಿಯ ಮೆಣಸಿನಕಾಯಿ ಅಂಗಳದಲ್ಲಾಗಲಿ, ಶಿರಸಿ ಶಿವಮೊಗ್ಗಗಳ ಅಡಿಕೆ ಮಂಡಿಯಲ್ಲಾಗಲಿ, ಸೀರೆಯ ಅಂಗಡಿಯಲ್ಲಾಗಲಿ, ಕಂದು ಕನ್ನಡಕ ಧರಿಸಿ ದರ್ಜೆ ನಿರ್ಣಯಿಸಿದರೆ ನಿರ್ಣಯವೇ ಬಣ್ಣ ಬದಲಿಸೀತು. ಅಂಗಳದಲ್ಲಿ ಓಡಾಡುವಾಗ ಬೂದು ಲೆನ್ಸು ಧರಿಸುವುದು, ಮಾದರಿ ನೋಡುವಾಗ ತೆಗೆದು ನೆರಳಿನಲ್ಲಿ ನೋಡುವುದು ಕ್ಷೇಮ.

ಪೋಲರಾಯ್ಡ್ ಲೆನ್ಸು

ನೀರು, ತೊಯ್ದ ಡಾಂಬರು ರಸ್ತೆ, ಕಾರಿನ ಬಾನೆಟ್ಟು ಮುಂತಾದ ಸಮತಟ್ಟಾದ ಮೈಗಳಿಂದ ಪ್ರತಿಫಲಿಸುವ ಬೆಳಕು ಬಹುಪಾಲು ಅಡ್ಡಡ್ಡಲಾಗಿ ಕಂಪಿಸುತ್ತದೆ. ಕಣ್ಣು ಕೋರೈಸುವುದು ಇದರಿಂದಲೇ. ಅಮೆರಿಕದ ಎಡ್ವಿನ್ ಲ್ಯಾಂಡ್ ಎಂಬ ವಿಜ್ಞಾನಿ ಕಂಡುಹಿಡಿದ ಹಾಳೆಯು ಅಡ್ಡ ಕಂಪನದ ಬೆಳಕನ್ನು ತಡೆದು ಉಳಿದದ್ದನ್ನು ಬಿಡುತ್ತದೆ. 1930ರ ದಶಕದಲ್ಲಿಯೇ ಅದು ತಂಪು ಕನ್ನಡಕಗಳಿಗೆ ಬಂದಿತು. ಕರಾವಳಿಯ ಹೆದ್ದಾರಿಗಳಲ್ಲಿ, ಕೆರೆಯ ಏರಿಯ ಮೇಲೆ, ಮಳೆ ನಿಂತ ಮೇಲಿನ ಬಿಸಿಲಿನಲ್ಲಿ ದಿನವೂ ವಾಹನ ನಡೆಸುವವರಿಗೆ ಇದರ ಹಿತ ಪ್ರತ್ಯಕ್ಷ ಅನುಭವಕ್ಕೆ ಬರುತ್ತದೆ.

ಆದರೆ ಪೋಲರಾಯ್ಡ್ ಎಂದ ಮಾತ್ರಕ್ಕೆ ನೇರಳಾತೀತ ರಕ್ಷಣೆ ಇದೆಯೆಂದು ಅರ್ಥವಲ್ಲ. ಎರಡನ್ನೂ ಪ್ರತ್ಯೇಕವಾಗಿ ವಿಚಾರಿಸಬೇಕು. ಮೊಬೈಲು, ವಾಹನದ ಡಿಜಿಟಲ್ ಫಲಕ ಮುಂತಾದವು ಈ ಲೆನ್ಸಿನಲ್ಲಿ ಕೆಲವು ಕೋನಗಳಲ್ಲಿ ಕಪ್ಪಾಗಿ ಕಾಣುವುದೂ ಉಂಟು. ಸದಾ ಪರದೆ ನೋಡುತ್ತ ಸರಕು ತಲುಪಿಸುವ ಕೆಲಸದವರಿಗೆ ಇದು ಅನನುಕೂಲ.

ಬಿಸಿಲಿಗೆ ತಾನಾಗಿಯೇ ಕಪ್ಪಾಗುವ ಲೆನ್ಸುಗಳ ಬಗ್ಗೆಯೂ ಒಂದು ಮಾತು. ಇವು ಕಪ್ಪಾಗುವುದು ಮುಖ್ಯವಾಗಿ ನೇರಳಾತೀತ ಕಿರಣ ತಾಗಿದಾಗ. ಕಾರಿನ ಮುಂಗಾಜು ಆ ಕಿರಣಗಳ ಬಹುಭಾಗವನ್ನು ತಡೆಯುವುದರಿಂದ, ಸಾಮಾನ್ಯ ಬಗೆಯ ಇಂತಹ ಲೆನ್ಸುಗಳು ಕಾರಿನೊಳಗೆ ಸಾಕಷ್ಟು ಕಪ್ಪಾಗುವುದಿಲ್ಲ. ಅಂಗಡಿಯ ಒಳಹೊರಗೆ ಓಡಾಡುವವರಿಗೆ ಇವು ಅನುಕೂಲ, ಕಾರು ಚಾಲಕರಿಗೆ ಅಷ್ಟಾಗಿ ಅಲ್ಲ. ಪಕ್ಕದ ಗಾಜುಗಳು ಮುಂಗಾಜಿನಷ್ಟು ರಕ್ಷಣೆ ಕೊಡುವುದಿಲ್ಲವೆಂಬುದನ್ನೂ ಚಾಲಕರು ತಿಳಿದಿರತಕ್ಕದ್ದು.

ಅಂಗಡಿಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳು

ಮೊದಲನೆಯದಾಗಿ, ಕನ್ನಡಕದ ಅಂಗಡಿಯವರ ಬಳಿ ನೇರಳಾತೀತ ಮಾಪಕವಿದ್ದರೆ ಕಣ್ಣೆದುರಿಗೇ ಅಳೆಯಿಸಬೇಕು. ಇದಕ್ಕೆ ಒಂದು ನಿಮಿಷವೂ ಬೇಡ. ಹಳೆಯ ಕನ್ನಡಕವನ್ನೂ ಒಯ್ದು ಅಳೆಯಿಸಬಹುದು.

ಎರಡನೆಯದಾಗಿ, ನಮ್ಮ ಗಲ್ಲಾಪೆಟ್ಟಿಗೆಯ ಬಳಿ ಖೋಟಾ ನೋಟು ಪತ್ತೆಯ ದೀಪವಿದ್ದರೆ ಅದೂ ಒಂದು ಒರೆಗಲ್ಲು. ಆ ದೀಪದ ಕೆಳಗೆ ನೋಟಿನ ಕ್ರಮಸಂಖ್ಯೆಯೂ ಎಳೆಗಳೂ ಹೊಳೆಯುತ್ತವೆ. ದೀಪಕ್ಕೂ ನೋಟಿಗೂ ನಡುವೆ ಕನ್ನಡಕದ ಲೆನ್ಸನ್ನು ಹಿಡಿದು, ಪಕ್ಕದಿಂದ ನೋಟನ್ನು ನೋಡಬೇಕು. ಹೊಳಪು ಹಾಗೆಯೇ ಉಳಿದರೆ ಲೆನ್ಸು ಕಿರಣವನ್ನು ಬಿಡುತ್ತಿದೆ. ಆ ಕನ್ನಡಕ ಬೇಡ. ಹೊಳಪು ಆರಿದರೆ ಒಳ್ಳೆಯ ಲಕ್ಷಣವಷ್ಟೇ. ಆ ದೀಪ ಒಂದು ಅಲೆಯುದ್ದದ ಆಸುಪಾಸಿನ ಕಿರಣವನ್ನು ಮಾತ್ರ ಸೂಸುವುದರಿಂದ ಪೂರ್ಣ ಪ್ರಮಾಣಪತ್ರವೆಂದು ತಿಳಿಯಬಾರದು. ದೀಪವನ್ನು ನೇರವಾಗಿ ದಿಟ್ಟಿಸಲೂಬಾರದು.

ಮೂರನೆಯದಾಗಿ, ಪೋಲರಾಯ್ಡ್ ಎಂದು ಹೇಳಿ ಹೆಚ್ಚು ಬೆಲೆ ಕೇಳಿದರೆ ಮೇಜಿನ ಮೇಲಿನ ಕ್ಯಾಲ್‌ಕ್ಯುಲೇಟರನ್ನು ಎತ್ತಿಕೊಳ್ಳಬೇಕು. ಲೆನ್ಸಿನ ಮೂಲಕ ಅದರ ಅಂಕಿಗಳನ್ನು ನೋಡುತ್ತಾ ಕನ್ನಡಕವನ್ನು ನಿಧಾನವಾಗಿ ತಿರುಗಿಸಿದರೆ, ನಿಜವಾದ ಪೋಲರಾಯ್ಡಿನಲ್ಲಿ ಒಂದು ಕೋನದಲ್ಲಿ ಪರದೆ ಕಪ್ಪಾಗಿ ಅಂಕಿಗಳು ಮರೆಯಾಗುತ್ತವೆ.

ನಾಲ್ಕನೆಯದಾಗಿ, ಕನ್ನಡಕವನ್ನು ತೋಳಿನಷ್ಟು ದೂರ ಹಿಡಿದು ಕಿಟಕಿಯ ಸರಳನ್ನೋ ನೆಲದ ಟೈಲ್ಸಿನ ಗೆರೆಯನ್ನೋ ನೋಡುತ್ತಾ ಪಕ್ಕಕ್ಕೂ ಮೇಲಕ್ಕೂ ಸರಿಸಬೇಕು. ಗೆರೆ ಹಾವಿನಂತೆ ಬಳುಕಿದರೆ ಲೆನ್ಸು ಸಮನಾಗಿಲ್ಲ. ಅದನ್ನು ಧರಿಸಿದವರಿಗೆ ಸಂಜೆಯ ಹೊತ್ತಿಗೆ ತಲೆನೋವು ಬಂದರೆ ಬಿಸಿಲನ್ನು ದೂಷಿಸಿ ಫಲವಿಲ್ಲ. ಎರಡು ಲೆನ್ಸುಗಳ ಬಣ್ಣ ಒಂದೇ ಸಮನಾಗಿದೆಯೇ ಎಂಬುದನ್ನು ಬಿಳಿ ಹಾಳೆಯ ಮೇಲಿಟ್ಟು ನೋಡಬೇಕು.

ಐದನೆಯದಾಗಿ, ಆಕಾರ. ಪಕ್ಕದಿಂದಲೂ ಮೇಲಿನಿಂದಲೂ ನುಸುಳುವ ಕಿರಣಗಳು ಅಲ್ಪವೇನಲ್ಲ. ಚೌಕಟ್ಟು ಮುಖಕ್ಕೆ ಹತ್ತಿರವಾಗಿ, ಹುಬ್ಬಿನಿಂದ ಕೆನ್ನೆಯವರೆಗೆ ಮುಚ್ಚುವಷ್ಟು ಅಗಲವಾಗಿರಬೇಕು. ಹೆಲ್ಮೆಟ್ ಧರಿಸುವವರು ಹೆಲ್ಮೆಟ್ ಸಮೇತ ಹೋಗಿ ಧರಿಸಿ ನೋಡಬೇಕು. ದಪ್ಪ ಕಡ್ಡಿ ಕಿವಿಯ ಮೇಲೆ ಒತ್ತಿದರೆ ಅದು ಎರಡನೆಯ ದಿನವೇ ಕಪಾಟು ಸೇರುತ್ತದೆ. ಅಗಲ ಅಂಚಿನ ಟೋಪಿಯೋ ಛತ್ರಿಯೋ ಜೊತೆಗಿದ್ದರೆ ಕನ್ನಡಕದ ಕೆಲಸ ಇನ್ನಷ್ಟು ಹಗುರ.

ಕೆಲಸಗಾರರಿಗಾಗಿ ಕೊಳ್ಳುವಾಗ

ನಮ್ಮ ಕಕ್ಷಿದಾರರೊಬ್ಬರು ದಿನಬಳಕೆ ವಸ್ತುಗಳ ವಿತರಕರು. ಒಂದು ಬೇಸಿಗೆಯಲ್ಲಿ ಅವರು ವ್ಯಾನ್ ಚಾಲಕರಿಗೂ ಸರಕು ತಲುಪಿಸುವ ಹುಡುಗರಿಗೂ ಎರಡು ಡಜನ್ ಕನ್ನಡಕಗಳನ್ನು ಸಗಟಾಗಿ ಕೊಂಡು ಹಂಚಿದರು. ಉದ್ದೇಶ ಮೆಚ್ಚತಕ್ಕದ್ದೇ. ತಿಂಗಳ ನಂತರ ಲೆಕ್ಕ ನೋಡಲು ಹೋದಾಗ ಒಬ್ಬರ ಕಣ್ಣ ಮೇಲೂ ಅವು ಕಾಣಲಿಲ್ಲ. ಕೇಳಿದರೆ ಹಿರಿಯ ಚಾಲಕರು ಹೇಳಿದ್ದು ಇಷ್ಟು: “ಸಾರ್, ಯಜಮಾನರು ಕೊಟ್ಟಿದ್ದಾರೆ, ಬೇಡ ಅನ್ನುವುದಕ್ಕಾಗುವುದಿಲ್ಲ. ಆದರೆ ಗೋದಾಮಿನೊಳಗೆ ಹೋದರೆ ಕಣ್ಣು ಕಟ್ಟಿದ ಹಾಗಾಗುತ್ತದೆ. ಹುಡುಗರಿಗೆ ಮೊಬೈಲಿನಲ್ಲಿ ವಿಳಾಸವೇ ಕಾಣುವುದಿಲ್ಲ.” ಬಿಲ್ಲಿನಲ್ಲಿ ‘ಫ್ಯಾನ್ಸಿ ವಸ್ತುಗಳು’ ಎಂದಷ್ಟೇ ಬರೆದಿತ್ತು, ತಯಾರಕರ ಹೆಸರಿರಲಿಲ್ಲ, ವರ್ಗದ ಅಂಕಿ ಇರಲಿಲ್ಲ. ಮರುವರ್ಷ ಅವರು ಮೊದಲು ಮೂರು ಬಗೆಯ ಒಂದೊಂದು ಮಾದರಿ ತರಿಸಿ, ಚಾಲಕರಿಗೇ ಒಂದು ವಾರ ಧರಿಸಲು ಕೊಟ್ಟರು. ಆಯ್ಕೆಯಾದದ್ದು ಪೋಲರಾಯ್ಡ್ ಅಲ್ಲದ, 2ನೆಯ ವರ್ಗದ, ಬೂದು ಬಣ್ಣದ, ತೆಳು ಕಡ್ಡಿಯ ಪಾಲಿಕಾರ್ಬೊನೇಟ್ ಕನ್ನಡಕ. ಅವು ಬಳಕೆಯಲ್ಲಿ ಉಳಿದವು.

ಕಾರ್ಖಾನೆಯ ಮಾಲೀಕರು ಇನ್ನೊಂದು ಭೇದವನ್ನು ಮರೆಯಬಾರದು. ಕಲ್ಲು ಕೆತ್ತುವಲ್ಲಿ, ಸಾಣೆ ಹಿಡಿಯುವಲ್ಲಿ, ರಾಸಾಯನಿಕ ಸಿಡಿಯುವಲ್ಲಿ ತಂಪು ಕನ್ನಡಕ ರಕ್ಷಣಾ ಕನ್ನಡಕವಾಗುವುದಿಲ್ಲ. 1948ರ ಕಾರ್ಖಾನೆಗಳ ಅಧಿನಿಯಮದ 35ನೆಯ ಪ್ರಕರಣವು ಕಣ್ಣಿನ ರಕ್ಷಣೆಗೆಂದೇ ಮೀಸಲಾಗಿತ್ತು. ಅದರ ಸ್ಥಾನಕ್ಕೆ 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು 2025ರ ನವೆಂಬರ್‌ನಲ್ಲಿ ಜಾರಿಗೆ ಬಂದಿದ್ದರೂ, ಕೆಲಸದ ಸ್ಥಳವನ್ನು ಸುರಕ್ಷಿತವಾಗಿಡುವ ಮಾಲೀಕನ ಹೊಣೆ ಹಗುರವಾಗಿಲ್ಲ.

ಮಾರಾಟಗಾರರ ಹೊಣೆ

ನಮ್ಮ ಸದಸ್ಯರಲ್ಲಿ ಕನ್ನಡಕ ಮಾರುವವರೂ ಇದ್ದಾರೆ. ‘ಯುವಿ 400’ ಎಂಬ ಚೀಟಿ ಮುದ್ರಿಸಲು ಕೆಲವು ಪೈಸೆ ಸಾಕು. ಅದನ್ನು ಅಂಟಿಸಿ ಮಾರಿದ ಮೇಲಿನ ಹೊಣೆ ದೊಡ್ಡದು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ, ತಯಾರಕನ ಭರವಸೆಯ ಹೊರತಾಗಿ ಮಾರಾಟಗಾರನೇ ಸ್ವತಃ ಭರವಸೆ ಕೊಟ್ಟು ಸರಕು ಅದರಂತೆ ಇಲ್ಲದಿದ್ದರೆ, ಅಥವಾ ತಯಾರಕನು ಯಾರೆಂದೇ ತಿಳಿಯದಿದ್ದರೆ, ಅದರಿಂದಾದ ಹಾನಿಗೆ ಮಾರಾಟಗಾರನೇ ಬಾಧ್ಯನಾಗಬಹುದು. ಆದುದರಿಂದ ಹೆಸರು ವಿಳಾಸವಿಲ್ಲದ ಸರಕನ್ನು ತರಿಸದಿರುವುದು, ಸಗಟು ವ್ಯಾಪಾರಿಯಿಂದ ಪರೀಕ್ಷಾ ವರದಿಯ ಪ್ರತಿ ಪಡೆಯುವುದು, ಪೊಟ್ಟಣದ ಮೇಲೆ ತಯಾರಕರ ಅಥವಾ ಆಮದುದಾರರ ವಿವರ ಹಾಗೂ ಗರಿಷ್ಠ ಮಾರಾಟ ಬೆಲೆ ಇದೆಯೇ ಎಂದು ನೋಡುವುದು ಶ್ರೇಯಸ್ಕರ. ಒಂದು ಮಾಪಕವನ್ನು ಕೊಂಡು ಗಿರಾಕಿಯ ಎದುರಿಗೆ ಅಳೆದು ತೋರಿಸುವ ಅಂಗಡಿಗೆ ಬೇರೆ ಜಾಹೀರಾತು ಬೇಕಾಗದು.

ಬೆಲೆ ಮತ್ತು ತೆರಿಗೆ

ಬೆಲೆ ಹೆಚ್ಚಿದ್ದ ಮಾತ್ರಕ್ಕೆ ರಕ್ಷಣೆ ಹೆಚ್ಚೆಂದು ತಿಳಿಯಬೇಕಾಗಿಲ್ಲ. ಕಿರಣ ತಡೆಯುವ ಗುಣ ದುಬಾರಿಯಾದುದಲ್ಲ. ದೊಡ್ಡ ಬೆಲೆಯಲ್ಲಿ ಹೆಸರಿಗೂ ಚೌಕಟ್ಟಿಗೂ ಸೇರುವ ಪಾಲೇ ಅಧಿಕ. ಹಾಗೆಂದು ತೀರ ಅಗ್ಗದ್ದು ಉಳಿತಾಯವೂ ಅಲ್ಲ. ಉದಾಹರಣೆಗೆ, ರೂ. 150ರ ಕನ್ನಡಕ ವರ್ಷಕ್ಕೆ 300 ಕೆಲಸದ ದಿನಗಳಲ್ಲಿ ಕಾಲು ಭಾಗ, ಅಂದರೆ 75 ದಿನ ಬಾಳಿದರೆ, ದಿನಕ್ಕೆ ರೂ. 2 ಬೀಳುತ್ತದೆ. ರೂ. 1,800ರದ್ದು ಮೂರು ವರ್ಷ, ಅಂದರೆ 900 ದಿನ ಬಾಳಿದರೆ ದಿನಕ್ಕೆ ಅದೇ ರೂ. 2. ವೆಚ್ಚ ಸಮನಾದಾಗ ಗುಣಕ್ಕೆ ಮತ ಹಾಕುವುದು ಬುದ್ಧಿವಂತಿಕೆ. ಬಾಳಿಕೆ ಹೆಚ್ಚಬೇಕಾದರೆ ಅಂಗಿಯ ಚುಂಗಿನಿಂದ ಒಣಧೂಳು ಒರೆಸದೆ ಮೊದಲು ನೀರಿನಲ್ಲಿ ತೊಳೆಯಬೇಕು. ಬಿಸಿಲಿಗೆ ಕಾದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟುಹೋಗಬಾರದು.

ತೆರಿಗೆಯ ವಿಷಯದಲ್ಲಿ ದೃಷ್ಟಿದೋಷ ಸರಿಪಡಿಸುವ ಕನ್ನಡಕಕ್ಕೂ ಬರಿಯ ತಂಪು ಕನ್ನಡಕಕ್ಕೂ ಸರಕು ಮತ್ತು ಸೇವಾ ತೆರಿಗೆಯ ದರ ಬೇರೆ ಬೇರೆಯಾದ್ದರಿಂದ ಬಿಲ್ಲಿನಲ್ಲಿ ವಿವರ ಸ್ಪಷ್ಟವಾಗಿರಬೇಕು. ಉಡುಗೊರೆಯಾಗಿ ಕೊಟ್ಟ ಸರಕಿಗೂ ಸ್ವಂತ ಬಳಕೆಯ ಸರಕಿಗೂ 2017ರ ಕೇಂದ್ರ ಅಧಿನಿಯಮದ 17(5)ನೆಯ ಪ್ರಕರಣದಂತೆ ಇನ್‌ಪುಟ್ ತೆರಿಗೆ ಜಮೆ ದೊರೆಯುವುದಿಲ್ಲ. ಮಾಲೀಕರು ತಮಗಾಗಿ ಕೊಂಡದ್ದನ್ನು ಸ್ವಂತ ಖರ್ಚಿನ ಖಾತೆಗೇ ಬರೆಯಬೇಕು. ಚಾಲಕರಿಗೆ ಕೆಲಸದ ಸಾಧನವಾಗಿ ಕೊಡುವುದಾದರೆ ಯಾರಿಗೆ, ಎಂದು, ಯಾವ ಕೆಲಸಕ್ಕೆ ಎಂಬುದನ್ನು ದಾಖಲಿಸಿ ಸಹಿ ಪಡೆದಿಡುವುದು ಒಳ್ಳೆಯದು.

ಕೊನೆಯದಾಗಿ, ಯಾವ ಕನ್ನಡಕವೂ ಕಣ್ಣಿನ ವೈದ್ಯರಿಗೆ ಬದಲಿಯಲ್ಲ. ಪೊರೆ ತೆಗೆಸಿಕೊಂಡವರು, ಬೆಳಕು ಕಂಡರೆ ನೋವಾಗುವವರು, ಕಣ್ಣು ಕೆಂಪಾಗುತ್ತಿರುವವರು ವೈದ್ಯರನ್ನು ಕಂಡ ನಂತರವೇ ಲೆನ್ಸು ಆರಿಸತಕ್ಕದ್ದು. ಉಳಿದವರು ಮುಂದಿನ ಬಾರಿ ಅಂಗಡಿಗೆ ಹೋದಾಗ ಕನ್ನಡಿಯ ಮುಂದೆ ನಿಲ್ಲುವ ಮೊದಲು ಮೂರು ಪ್ರಶ್ನೆ ಕೇಳಲಿ: ನೇರಳಾತೀತ ರಕ್ಷಣೆ ಎಷ್ಟು, ಅಳೆದು ತೋರಿಸುವಿರಾ? ಕಪ್ಪಿನ ವರ್ಗ ಯಾವುದು? ತಯಾರಕರು ಯಾರು? ಮೂರಕ್ಕೂ ಉತ್ತರ ದೊರೆತ ಮೇಲೆ, ಮುಖಕ್ಕೆ ಒಪ್ಪುವುದನ್ನು ನಿಶ್ಚಿಂತೆಯಿಂದ ಆರಿಸಿಕೊಳ್ಳಬಹುದು.